ಸೋರುವ ನೀರಲ್ಲ, ನಿಂತ ನೀರು

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ದಾವಣಗೆರೆಯಿಂದ ಫೋನ್ ಬಂತು. ಮದುವೆ ವಿಡಿಯೊ ಎಡಿಟ್ ಮಾಡುವ ಪರಿಚಯದ ಹುಡುಗ. “ಅಣ್ಣಾ, ಕಂಪ್ಯೂಟರ್ ಆನ್ ಆಗ್ತತಿ, ಎರಡು ನಿಮಿಷಕ್ಕೆ ತಾನೇ ಆಫ್ ಆಗ್ತತಿ. ಶನಿವಾರ ಪಾರ್ಟಿಗೆ ವಿಡಿಯೊ ಕೊಡಬೇಕು.” ಒಳಗೆ ವಾಟರ್ ಕೂಲರ್ ಇದೆಯಲ್ಲ, ಅದನ್ನು ನೋಡಿದೆಯಾ ಎಂದು ಕೇಳಿದೆ. “ಎಲ್ಲಾ ಕಡೆ ಟಿಶ್ಯೂ ಒತ್ತಿ ನೋಡಿದೆ ಅಣ್ಣಾ, ಒಂದು ಹನಿ ಸೋರಿಲ್ಲ. ಕೂಲರ್ ಚಲೋ ಐತಿ. ಎಸ್‌ಎಂಪಿಎಸ್ ಹೋಗಿರಬೇಕು.” ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆ.

ಮಾರನೆಯ ದಿನ ಹೇಗೂ ಆ ಕಡೆ ಹೋಗುವುದಿತ್ತು. ಅವನ ಸ್ಟುಡಿಯೊದಲ್ಲಿ ಕ್ಯಾಬಿನೆಟ್‌ನ ಗಾಜಿನ ಬಾಗಿಲು ತೆಗೆದು, ಪ್ರೊಸೆಸರ್ ಮೇಲೆ ಕುಳಿತ ಗುಂಡನೆಯ ಬ್ಲಾಕ್‌ನಿಂದ ಹೊರಡುವ ಎರಡು ಕಪ್ಪು ಪೈಪುಗಳನ್ನು ಎರಡು ಬೆರಳುಗಳಲ್ಲಿ ಹಿಡಿದುಕೊಂಡೆ. ಆನ್ ಮಾಡು ಎಂದೆ. ಒಂದು ನಿಮಿಷವಾಗುವಷ್ಟರಲ್ಲಿ ಒಂದು ಪೈಪಿನ ಬುಡ ಬಿಸಿ ಕಾಫಿ ಹಾಕಿದ ಸ್ಟೀಲ್ ಲೋಟದಂತೆ ಸುಡತೊಡಗಿತು. ಇನ್ನೊಂದು ಪೈಪು ಕೋಣೆಯ ಗೋಡೆಯಷ್ಟೇ ತಣ್ಣಗಿತ್ತು. ಮೇಲಿನ ರೇಡಿಯೇಟರ್ ಮುಟ್ಟಿದರೆ ಅದೂ ತಣ್ಣಗೆ. ಮೂರು ಫ್ಯಾನ್‌ಗಳು ತಿರುಗುತ್ತಿದ್ದವು, ಬಣ್ಣದ ದೀಪಗಳು ಉರಿಯುತ್ತಿದ್ದವು. ನೀರು ಮಾತ್ರ ನಿಂತಿತ್ತು.

ವಾಟರ್ ಕೂಲರ್ ಎಂದೊಡನೆ ನಮ್ಮವರಿಗೆಲ್ಲ ಒಂದೇ ಭಯ: ಸೋರಿದರೆ ಏನು ಗತಿ? ಲಕ್ಷ ರೂಪಾಯಿಯ ಕಂಪ್ಯೂಟರ್ ಒಳಗೆ ನೀರು ಹರಿಸುವುದೆಂದರೆ ಆ ಭಯ ಸಹಜವೇ. ಆದರೆ ನಾನು ಬಿಚ್ಚಿ ನೋಡಿದ ಕೂಲರ್‌ಗಳಲ್ಲಿ ಸೋರಿ ಕೆಟ್ಟದ್ದು ತೀರ ಕಡಿಮೆ. ಹೆಚ್ಚಿನವು ಕೆಟ್ಟದ್ದು ಹರಿವು ನಿಧಾನವಾಗಿ, ಆಮೇಲೆ ನಿಂತುಹೋಗಿ. ಸೋರಿಕೆ ಕಣ್ಣಿಗೆ ಕಾಣುತ್ತದೆ, ಹರಿವು ನಿಂತದ್ದು ಕಾಣುವುದಿಲ್ಲ. ಹಾಗಾಗಿಯೇ ಅದನ್ನು ಕೈಯಿಂದ ಮುಟ್ಟಿ, ಕಿವಿಗೊಟ್ಟು ಕಂಡುಹಿಡಿಯುವುದನ್ನು ಕಲಿಯಬೇಕು.

ವ್ಯವಸ್ಥೆ ಹೊಸದೇನೂ ಅಲ್ಲ. ಕಾರಿನ ಬಾನೆಟ್ ಕೆಳಗೆ ಇರುವುದೇ ಇಲ್ಲಿಯೂ ಇದೆ. ಪ್ರೊಸೆಸರ್‌ಗೆ ತಾಗಿಕೊಂಡಿರುವ ತಾಮ್ರದ ತಟ್ಟೆ, ದ್ರವವನ್ನು ತಳ್ಳುವ ಪುಟ್ಟ ಪಂಪು, ಎರಡು ಪೈಪು, ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್, ಅದಕ್ಕೆ ಫ್ಯಾನ್. ಅಂಗಡಿಯಲ್ಲಿ ಎಐಒ ಎಂದು ಸಿಗುವುದು ಇವೆಲ್ಲ ಕಾರ್ಖಾನೆಯಲ್ಲೇ ಜೋಡಿಸಿ, ತುಂಬಿಸಿ, ಮುಚ್ಚಿ ಬಂದದ್ದು. ಬಿಡಿಬಿಡಿಯಾಗಿ ಕೊಂಡು ತಾವೇ ಜೋಡಿಸಿಕೊಳ್ಳುವುದು ಕಸ್ಟಮ್ ಲೂಪ್. ಕಂಪ್ಯೂಟರಿಗೂ ಇದು ಹೊಸತಲ್ಲ. 1980ರಲ್ಲಿ ಘೋಷಣೆಯಾದ ಐಬಿಎಂ 3081 ಎಂಬ ದೊಡ್ಡ ಕಂಪ್ಯೂಟರ್ ನೀರಿನಿಂದ ತಣಿಯುತ್ತಿತ್ತು. 1985ರ ಕ್ರೇ-2 ಎಂಬ ಸೂಪರ್ ಕಂಪ್ಯೂಟರಿನಲ್ಲಿ ಸರ್ಕ್ಯೂಟ್‌ಗಳನ್ನೇ ವಿದ್ಯುತ್ ಹರಿಸದ ದ್ರವದಲ್ಲಿ ಮುಳುಗಿಸಿಟ್ಟಿದ್ದರು. ಈಗ ಅಂಥ ಬಿಸಿ ಮೇಜಿನ ಕೆಳಗಿನ ಪೆಟ್ಟಿಗೆಗೇ ಬಂದಿದೆ. ಇಂಟೆಲ್‌ನ ಕೋರ್ ಐ9-14900ಕೆ ಪೂರ್ತಿ ದುಡಿಯುವಾಗ 253 ವ್ಯಾಟ್ ಎಳೆಯಬಹುದು ಎಂದು ಕಂಪನಿಯೇ ಹೇಳುತ್ತದೆ. ಅಷ್ಟೂ ಬಿಸಿ ಹುಟ್ಟುವುದು ಬೆರಳಿನ ಉಗುರಿನಗಲದ ಒಂದು ಚೂರು ಸಿಲಿಕಾನ್ ಮೇಲೆ.

ನೀರೇ ಏಕೆ ಎಂದರೆ, ನೀರಿನಷ್ಟು ಬಿಸಿ ಹೊರುವ ವಸ್ತು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4,180 ಜೌಲ್ ಬೇಕು. ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ, ಇಡೀ ರಿಪೇರಿ ವಿದ್ಯೆ ಇದರಲ್ಲಿದೆ. ಪ್ರೊಸೆಸರ್ 200 ವ್ಯಾಟ್ ಬಿಸಿ ಕೊಡುತ್ತಿದೆ, ನಿಮಿಷಕ್ಕೆ ಒಂದು ಲೀಟರ್ ನೀರು ಹರಿಯುತ್ತಿದೆ ಎನ್ನಿ. ಒಂದು ನಿಮಿಷದಲ್ಲಿ 12,000 ಜೌಲ್ ನೀರಿಗೆ ಸೇರುತ್ತದೆ. ಅಂದರೆ ಬ್ಲಾಕ್ ಹೊಕ್ಕ ನೀರು ಹೊರಬರುವಾಗ ಮೂರು ಡಿಗ್ರಿಯಷ್ಟೂ ಹೆಚ್ಚು ಬಿಸಿಯಾಗಿರುವುದಿಲ್ಲ. ಎರಡು ಪೈಪುಗಳನ್ನು ಒಟ್ಟಿಗೆ ಹಿಡಿದರೆ ಆ ವ್ಯತ್ಯಾಸ ಕೈಗೆ ಗೊತ್ತೇ ಆಗದು. ಅದೇ ಹರಿವು ಹತ್ತರಲ್ಲೊಂದಕ್ಕೆ ಇಳಿದರೆ ವ್ಯತ್ಯಾಸ ಸುಮಾರು 29 ಡಿಗ್ರಿ ಆಗುತ್ತದೆ. ಅದು ಯಾರ ಕೈಗಾದರೂ ಗೊತ್ತಾಗುತ್ತದೆ.

ಆದ್ದರಿಂದ ಒಂದು ಪೈಪು ಬಿಸಿ, ಒಂದು ತಣ್ಣಗೆ ಇದ್ದರೆ ಹರಿವು ನಿಂತಿದೆ. ಪಂಪು ಸತ್ತಿದೆ ಅಥವಾ ಒಳಗೆ ಕಟ್ಟಿಕೊಂಡಿದೆ. ಎರಡೂ ಒಂದೇ ಸಮ ಚೆನ್ನಾಗಿ ಬಿಸಿಯಾಗಿದ್ದರೆ ಪಂಪಿನ ತಪ್ಪಲ್ಲ. ನೀರು ತನ್ನ ಕೆಲಸ ಮಾಡುತ್ತಿದೆ, ರೇಡಿಯೇಟರ್ ಮಾಡುತ್ತಿಲ್ಲ. ಅಲ್ಲಿ ಧೂಳು ಕಟ್ಟಿರಬೇಕು, ಇಲ್ಲವೇ ಫ್ಯಾನ್ ನಿಂತಿರಬೇಕು. ಮೂರನೆಯದು ಜನರನ್ನು ಬಹಳ ದಾರಿ ತಪ್ಪಿಸುತ್ತದೆ: ಪೈಪುಗಳೆರಡೂ ಉಗುರುಬೆಚ್ಚಗಿವೆ, ಆದರೆ ಪರದೆಯ ಮೇಲೆ ಪ್ರೊಸೆಸರ್ 95 ಡಿಗ್ರಿ ತೋರಿಸುತ್ತಿದೆ. ಅಂದರೆ ಬಿಸಿ ನೀರಿನವರೆಗೆ ತಲುಪುತ್ತಲೇ ಇಲ್ಲ. ನಡುವಿನ ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲವೇ ಬ್ಲಾಕ್‌ನ ಒಂದು ಮೂಲೆಯ ಸ್ಕ್ರೂ ಸಡಿಲವಾಗಿದೆ. ಹೊಸ ಪೇಸ್ಟ್ ಹಚ್ಚಿದರೆ ಸರಿಹೋಗುವ ಕೂಲರನ್ನು ಕೆಟ್ಟಿದೆ ಎಂದು ಮೂಲೆಗೆಸೆದದ್ದನ್ನು ನಾನು ಕಂಡಿದ್ದೇನೆ. ಹಾಗೆ ಮಾಡಬೇಡಿ. ಈ ಪರೀಕ್ಷೆಯನ್ನು ಕಂಪ್ಯೂಟರ್ ಹತ್ತು-ಹದಿನೈದು ನಿಮಿಷ ಜೋರಾಗಿ ದುಡಿದ ಮೇಲೆ ಮಾಡಿದರೆ ಉತ್ತರ ಸ್ಪಷ್ಟ. ನಮ್ಮ ಹುಡುಗನ ಯಂತ್ರ ಅಷ್ಟು ಹೊತ್ತು ಬದುಕುತ್ತಲೇ ಇರಲಿಲ್ಲ, ಅದೇ ಒಂದು ಉತ್ತರವಾಗಿತ್ತು.

ಅದು ಆಫ್ ಆಗುತ್ತಿದ್ದುದು ಒಳ್ಳೆಯದಕ್ಕೇ. ಈಗಿನ ಪ್ರೊಸೆಸರ್‌ಗಳು 95, 100 ಡಿಗ್ರಿಯ ಹತ್ತಿರ ಬಂದೊಡನೆ ತಾವೇ ವೇಗ ಇಳಿಸುತ್ತವೆ, ಅದಕ್ಕೂ ಮೀರಿದರೆ ನಿಂತುಬಿಡುತ್ತವೆ. ಪಂಪು ಸತ್ತಿತೆಂದು ಪ್ರೊಸೆಸರ್ ಸುಟ್ಟುಹೋಗುವುದು ಅಪರೂಪ. ಎಸ್‌ಎಂಪಿಎಸ್ ಬದಲಿಸಲು ಅವನು ಅಂಗಡಿಗೆ ಹೊರಟಿದ್ದ, ತಡೆದೆ. ಪಕ್ಕದ ಅಂಗಡಿಯಿಂದ ಸಾದಾ ಗಾಳಿ ಕೂಲರ್ ಒಂದನ್ನು ಎರವಲು ತಂದು ಕೂರಿಸಿದೆವು. ಬಯೋಸ್‌ನಲ್ಲಿ ಪ್ರೊಸೆಸರ್ ಎಳೆಯುವ ವಿದ್ಯುತ್ತಿಗೆ 65 ವ್ಯಾಟ್‌ನ ಮಿತಿ ಹಾಕಿದೆವು. ರೆಂಡರ್, ಅಂದರೆ ಎಡಿಟ್ ಮಾಡಿದ ವಿಡಿಯೊವನ್ನು ಸಿದ್ಧಗೊಳಿಸುವ ಕೆಲಸ, ನಿಧಾನವಾಯಿತು, ನಿಲ್ಲಲಿಲ್ಲ. ಶನಿವಾರ ಕೊಡಬೇಕಿದ್ದ ಮದುವೆ ವಿಡಿಯೊ ಶನಿವಾರವೇ ಹೋಯಿತು.

ಆಮೇಲೆ ಹಳೆಯದನ್ನು ಬಿಚ್ಚಿದೆವು. ಆರು ವರ್ಷ ದುಡಿದದ್ದು, ವಾರಂಟಿ ಮುಗಿದಿತ್ತು. ವಾರಂಟಿ ಇದ್ದಿದ್ದರೆ ಒಂದು ಸ್ಕ್ರೂ ಮುಟ್ಟಲೂ ನಾನು ಬಿಡುತ್ತಿರಲಿಲ್ಲ. ಬಿಚ್ಚಿದ ಕೂಲರನ್ನು ಹೆಚ್ಚಿನ ಕಂಪನಿಗಳು ವಾಪಸು ತೆಗೆದುಕೊಳ್ಳುವುದಿಲ್ಲ. ತಾಮ್ರದ ತಟ್ಟೆಯ ಸುತ್ತಲಿನ ಸ್ಕ್ರೂಗಳನ್ನು ತೆಗೆದು, ಬೇಸಿನ್ ಮೇಲೆ ಹಿಡಿದು ಮೆಲ್ಲಗೆ ಎಬ್ಬಿಸಿದೆವು. ಬಂದ ದ್ರವ ಒಂದು ಲೋಟದಷ್ಟೂ ಇರಲಿಲ್ಲ. ತಟ್ಟೆಯ ಒಳಮೈಯಲ್ಲಿ ತಾಮ್ರವನ್ನೇ ಸೀಳಿ ಮಾಡಿದ ಸಾಲು ಸಾಲು ಗೆರೆಗಳಿರುತ್ತವೆ. ಬಾಚಣಿಗೆಯ ಹಲ್ಲುಗಳನ್ನು ಕೂದಲೆಳೆಯಷ್ಟು ಸಣ್ಣದು ಮಾಡಿದರೆ ಹೇಗೋ ಹಾಗೆ. ನೀರು ಈ ಸಂದುಗಳಲ್ಲೇ ನುಗ್ಗಿ ಬಿಸಿ ಹೊತ್ತೊಯ್ಯಬೇಕು. ಇಲ್ಲಿ ಸಂದುಗಳೇ ಕಾಣಿಸಲಿಲ್ಲ. ಹಸಿರು ಬೆರೆತ ಬೂದು ಗಸಿ ಅಂಟಂಟಾಗಿ ತುಂಬಿಕೊಂಡಿತ್ತು. ಹಲ್ಲುಕಡ್ಡಿಯ ತುದಿಯಿಂದ ಎತ್ತಿದರೆ ಒದ್ದೆ ವಿಭೂತಿಯಂತೆ ಬಂತು. ಹುಡುಗ ಅದನ್ನೇ ನೋಡುತ್ತಾ, “ಇದು ಸೀಲ್ ಐತಲ್ಲಣ್ಣಾ, ಕೊಳೆ ಎಲ್ಲಿಂದ ಬಂತು?” ಎಂದ.

ಒಳ್ಳೆಯ ಪ್ರಶ್ನೆ. ಕೊಳೆ ಹೊರಗಿನಿಂದ ಬಂದದ್ದಲ್ಲ. ಬಹುಪಾಲು ಎಐಒಗಳಲ್ಲಿ ಬ್ಲಾಕ್‌ನ ತಟ್ಟೆ ತಾಮ್ರದ್ದು, ರೇಡಿಯೇಟರ್ ಅಲ್ಯೂಮಿನಿಯಮ್ಮಿನದು. ಶಾಲೆಯಲ್ಲಿ ನಿಂಬೆಹಣ್ಣಿಗೆ ತಾಮ್ರದ ತಂತಿ ಒಂದು ಕಡೆ, ಸತುವಿನ ಮೊಳೆ ಒಂದು ಕಡೆ ಚುಚ್ಚಿ ವಿದ್ಯುತ್ ಮಾಡಿದ ನೆನಪು ಅನೇಕರಿಗೆ ಇರಬಹುದು. ಬೇರೆ ಬೇರೆ ಎರಡು ಲೋಹಗಳು, ನಡುವೆ ವಿದ್ಯುತ್ ಹರಿಸಬಲ್ಲ ದ್ರವ. ಇಲ್ಲಿರುವುದೂ ಅದೇ. ಎರಡರಲ್ಲಿ ದುರ್ಬಲವಾದ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ, ಕರಗಿದ್ದು ಗಸಿಯಾಗಿ ತಾಮ್ರದ ಸಂದುಗಳಲ್ಲಿ ಕೂರುತ್ತದೆ. ಹೀಗಾಗದಂತೆ ತಡೆಯಲೆಂದೇ ಕಂಪನಿಯವರು ಒಳಗೆ ಬರೀ ನೀರು ಹಾಕುವುದಿಲ್ಲ. ಗ್ಲೈಕಾಲ್ ಮತ್ತು ಲೋಹಕ್ಕೆ ಕಿಲುಬು ಹಿಡಿಯದಂತೆ ತಡೆಯುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಆ ರಾಸಾಯನಿಕಗಳು ವರ್ಷಗಳು ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತವೆ. ಜೊತೆಗೆ ರಬ್ಬರ್ ಪೈಪಿನ ಗೋಡೆಯ ಮೂಲಕ ನೀರಿನ ಆವಿ ತೀರ ಮೆಲ್ಲಗೆ ಹೊರಹೋಗುತ್ತಲೇ ಇರುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ಸೋರದೆಯೂ ನೀರು ಕಡಿಮೆಯಾಗುವುದು ಹೀಗೆ. ಸೀಲ್ ಮಾಡಿದೆ ಎಂದರೆ ಶಾಶ್ವತ ಎಂದಲ್ಲ. ಐದಾರು ವರ್ಷದ ವಾರಂಟಿ ಕೊಡುವ ಕಂಪನಿಗಳಿಗೂ ಇದು ಗೊತ್ತು.

ಇಲ್ಲಿಯೇ ನಮ್ಮಲ್ಲಿ ದೊಡ್ಡ ತಪ್ಪು ನಡೆಯುವುದು. ನೀರು ಕಡಿಮೆಯಾಗಿದೆ, ತುಂಬಿಸಿದರಾಯಿತು ಎಂದು ನಲ್ಲಿ ನೀರನ್ನೋ ಮನೆಯ ಫಿಲ್ಟರ್ ನೀರನ್ನೋ ಹಾಕಿಬಿಡುತ್ತಾರೆ. ಬೋರ್‌ವೆಲ್ ನೀರು ಗೀಸರ್‌ನ ಕಾಯಿಲ್ ಮೇಲೆ ಎಂಥ ಬಿಳಿಯ ಹೊಪ್ಪಳೆ ಕಟ್ಟುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಯಾರಿಗೆ ಗೊತ್ತಿಲ್ಲ? ಆ ಸುಣ್ಣ ಕೂದಲೆಳೆಯ ಸಂದಿನಲ್ಲಿ ಕಟ್ಟಿದರೆ ಕೂಲರ್ ಕಥೆ ಮುಗಿಯಿತು. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರ್ ಶುದ್ಧವೇನೋ ಹೌದು, ಆದರೆ ಅಲ್ಯೂಮಿನಿಯಂ ಇರುವ ಕಡೆ ಅದನ್ನು ಒಂದನ್ನೇ ಹಾಕಿದರೆ ಲೋಹವನ್ನು ಕಾಯುವವರು ಯಾರೂ ಇಲ್ಲದಂತಾಗುತ್ತದೆ. ಕಂಪ್ಯೂಟರ್ ಕೂಲಿಂಗ್‌ಗೆಂದೇ ಮಾರುವ, ಅಲ್ಯೂಮಿನಿಯಂ ಮತ್ತು ತಾಮ್ರ ಎರಡಕ್ಕೂ ಆಗುತ್ತದೆ ಎಂದು ಬಾಟಲಿಯ ಮೇಲೆ ಬರೆದಿರುವ ಕೂಲೆಂಟನ್ನೇ ಹಾಕಬೇಕು. ಇದರಲ್ಲಿ ಜಿಪುಣತನ ಬೇಡ.

ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿದರೆ ಕಿಲುಬು ಬಿಡುತ್ತದೆಯಲ್ಲ, ಅದನ್ನೇ ಇಲ್ಲೂ ಮಾಡಬಹುದಲ್ಲ ಎಂದು ಹುಡುಗನ ತಾಯಿ ಕೇಳಿದರು. ರಸಾಯನಶಾಸ್ತ್ರ ಅವರು ಹೇಳಿದ್ದೇ. ಹುಳಿ ತಾಮ್ರದ ಕಿಲುಬನ್ನು ಕರಗಿಸುತ್ತದೆ. ಆದರೆ ಹುಣಸೆಯ ತಿರುಳು ಸಂದುಗಳಲ್ಲಿ ಸಿಕ್ಕಿಕೊಂಡರೆ ಹೊಸ ಗಸಿ, ಹುಳಿ ಅಲ್ಯೂಮಿನಿಯಮ್ಮಿಗೆ ತಾಗಿದರೆ ಅದನ್ನೂ ತಿನ್ನುತ್ತದೆ. ನಾವು ಬಿಚ್ಚಿ ತೆಗೆದ ತಟ್ಟೆಯೊಂದನ್ನೇ ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಕೆಲ ನಿಮಿಷ ಇಟ್ಟು, ಮೆತ್ತನೆಯ ಟೂತ್‌ಬ್ರಷ್‌ನಿಂದ ಗೆರೆಗಳು ಹೋದ ದಿಕ್ಕಿನಲ್ಲೇ ಉಜ್ಜಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಮೂರು ಸಲ ಜಾಲಿಸಿದೆವು. ತಾಮ್ರ ಹೊಸ ಚೊಂಬಿನಂತೆ ಹೊಳೆಯಿತು, ಗೆರೆಗಳು ಒಂದೊಂದೂ ಕಂಡವು. ಅಡ್ಡಡ್ಡ ಉಜ್ಜಿದರೆ ಆ ತೆಳು ಹಲ್ಲುಗಳು ಬಾಗುತ್ತವೆ, ಬಾಗಿದ್ದನ್ನು ನೆಟ್ಟಗೆ ಮಾಡುವುದು ಯಾರಿಂದಲೂ ಆಗದು.

ಪಂಪು ಮಾತ್ರ ಬದುಕಲಿಲ್ಲ. ಇಂಥ ಪಂಪುಗಳಲ್ಲಿ ತಿರುಗುವ ಭಾಗಕ್ಕೆ ಆ ದ್ರವವೇ ಎಣ್ಣೆ ಇದ್ದಂತೆ. ಗಾಳಿ ಸೇರಿ ದ್ರವವಿಲ್ಲದೆ ತಿರುಗಿದರೆ ಸವೆದುಹೋಗುತ್ತದೆ. ಇಲ್ಲಿ ಇನ್ನೊಂದು ತಪ್ಪೂ ಸೇರಿತ್ತು. ಮೊದಲು ಇವನ ರೇಡಿಯೇಟರ್ ಕ್ಯಾಬಿನೆಟ್‌ನ ಕೆಳಗಡೆ ಇತ್ತಂತೆ, ಹೋದ ವರ್ಷವಷ್ಟೇ ಮೇಲಕ್ಕೆ ಹಾಕಿಸಿದ್ದ. ರೇಡಿಯೇಟರ್ ಕೆಳಗಿದ್ದರೆ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದು ಪಂಪು. ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ, ಅಂದರೆ ಸೇರಿದ ಗಾಳಿಯೆಲ್ಲ ಪಂಪಿನಲ್ಲೇ ನಿಲ್ಲುತ್ತದೆ. ರೇಡಿಯೇಟರ್ ಮೇಲಿದ್ದರೆ ಉತ್ತಮ. ಮುಂಭಾಗದಲ್ಲಿ ನಿಲ್ಲಿಸಿ ಹಾಕುವುದಾದರೆ ಪೈಪುಗಳು ಕೆಳಗಡೆ ಇರಬೇಕು, ರೇಡಿಯೇಟರ್‌ನ ತಲೆ ಪಂಪಿಗಿಂತ ಮೇಲಿರಬೇಕು. ಆಗ ಗಾಳಿ ಆ ತಲೆಯಲ್ಲಿ ತೆಪ್ಪಗೆ ಕೂತಿರುತ್ತದೆ. ಕಂಪ್ಯೂಟರ್ ಆನ್ ಮಾಡಿದಾಗ ಮಡಕೆಯಿಂದ ನೀರು ಬಗ್ಗಿಸಿದಂತೆ ಗುಳುಗುಳು ಸದ್ದು ಕೆಲ ಕ್ಷಣ ಬಂದು ನಿಂತರೆ ಚಿಂತೆಯಿಲ್ಲ. ದಿನವೂ ಬರುತ್ತಿದ್ದರೆ, ಬಿಡದೆ ಬರುತ್ತಿದ್ದರೆ, ಪಂಪಿನಲ್ಲಿ ಗಾಳಿ ಸೇರಿದೆ.

ಪಂಪಿನ ವೈರನ್ನು ಎಲ್ಲಿ ಚುಚ್ಚಿದ್ದೀರಿ ಎಂಬುದನ್ನೂ ನೋಡಿ. ಈಗಿನ ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಪಂಪಿಗೆಂದೇ ಒಂದು ಜಾಗ ಇರುತ್ತದೆ. ಅದನ್ನು ಬಿಟ್ಟು ಫ್ಯಾನ್‌ನ ಜಾಗಕ್ಕೆ ಹಾಕಿದರೆ, ಬೋರ್ಡು ಅದನ್ನೂ ಫ್ಯಾನ್ ಎಂದೇ ತಿಳಿದು ತಣ್ಣಗಿದ್ದಾಗ ನಿಧಾನ ಮಾಡುತ್ತದೆ. ತಯಾರಕರು ಬೇರೆ ಹೇಳದಿದ್ದರೆ ಪಂಪು ಸದಾ ಪೂರ್ತಿ ವೇಗದಲ್ಲಿರಲಿ.

ಹಾಗಾದರೆ ಎಐಒ ರಿಪೇರಿಯಾಗುವ ವಸ್ತುವೇ? ಕೆಲವು ಆಗುತ್ತವೆ. ಬಿ ಕ್ವೈಟ್ ಕಂಪನಿಯ ಪ್ಯೂರ್ ಲೂಪ್‌ನಲ್ಲಿ ಕೂಲೆಂಟ್ ತುಂಬಲು ಪ್ರತ್ಯೇಕ ಬಾಯಿಯಿದೆ. ಆಲ್ಫಾಕೂಲ್‌ನ ಐಸ್‌ಬೇರ್ ಅನ್ನು ಬಿಚ್ಚಿ ಜೋಡಿಸಲೆಂದೇ ಮಾಡಿದ್ದಾರೆ. 2022ರಲ್ಲಿ ಆರ್ಕ್ಟಿಕ್ ಕಂಪನಿ ತನ್ನ ಲಿಕ್ವಿಡ್ ಫ್ರೀಜರ್ 2 ಕೂಲರ್‌ಗಳ ಕೆಲವು ಬ್ಯಾಚ್‌ಗಳಲ್ಲಿ ಗ್ಯಾಸ್ಕೆಟ್ ರಬ್ಬರು ತಾಮ್ರಕ್ಕೆ ಹೊಂದದೆ ಗಸಿ ಕಟ್ಟುತ್ತಿದೆ ಎಂದು ತಾನೇ ಒಪ್ಪಿಕೊಂಡು, ಗ್ರಾಹಕರಿಗೆ ಹೊಸ ಗ್ಯಾಸ್ಕೆಟ್ ಇರುವ ಕಿಟ್ಟನ್ನು ಉಚಿತವಾಗಿ ಕೊಟ್ಟು, ಬಿಚ್ಚಿ ಬದಲಿಸುವ ವಿಧಾನವನ್ನೂ ತಿಳಿಸಿತು. ತಪ್ಪನ್ನು ಮುಚ್ಚಿಡದೆ ರಿಪೇರಿಯ ದಾರಿ ತೋರಿಸಿದ ಆ ನಡೆ ನನಗೆ ಬಹಳ ಹಿಡಿಸಿತು. ಎಲ್ಲರೂ ಹೀಗೆ ಮಾಡಿದರೆ ಗುಜರಿಗೆ ಬೀಳುವ ತಾಮ್ರ, ಅಲ್ಯೂಮಿನಿಯಂ ಎಷ್ಟೋ ಕಡಿಮೆಯಾಗುತ್ತಿತ್ತು. ಆದರೆ ಕೂಲೆಂಟ್ ತುಂಬುವ ಬಾಯಿ ಇಲ್ಲದ, ಐದಾರು ವರ್ಷ ದುಡಿದ ಕೂಲರನ್ನು ಮತ್ತೆ ತುಂಬಿಸಿ ದುಬಾರಿ ಯಂತ್ರದ ಮೇಲೆ ಕೂರಿಸಿ ಎಂದು ನಾನು ಯಾರಿಗೂ ಹೇಳಲಾರೆ. ಕಚೇರಿ ಕೆಲಸ, ಸಾಧಾರಣ ಆಟಗಳಿಗೆ ಮಾತ್ರ ಕಂಪ್ಯೂಟರ್ ಬಳಸುವವರಿಗೆ ಒಳ್ಳೆಯ ಗಾಳಿ ಕೂಲರೇ ಸಾಕು. ಅದರಲ್ಲಿ ಕೆಡುವುದು ಫ್ಯಾನ್ ಒಂದೇ. ಗಂಟೆಗಟ್ಟಲೆ ರೆಂಡರ್ ಹಾಕುವವರಿಗೆ ನೀರು ಬೇಕು ಎಂದರೆ ಒಪ್ಪುತ್ತೇನೆ.

ಕಸ್ಟಮ್ ಲೂಪ್ ಇಟ್ಟುಕೊಂಡವರ ಪಾಡು ಬೇರೆ. ಅವರು ವರ್ಷಕ್ಕೊಮ್ಮೆಯಾದರೂ ದ್ರವ ಹೊರತೆಗೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಹೊಸದು ತುಂಬಬೇಕು. ಮೆತ್ತನೆಯ ಪಾರದರ್ಶಕ ಪ್ಲಾಸ್ಟಿಕ್ ಪೈಪಿನಿಂದ ಅದನ್ನು ಮೆತ್ತಗಿಡುವ ರಾಸಾಯನಿಕ ಬಿಸಿನೀರಿಗೆ ಇಳಿದು ಬಿಳಿ ಅಂಟಾಗುತ್ತದೆ. ಕಪ್ಪು ಇಪಿಡಿಎಂ ರಬ್ಬರ್ ಪೈಪು ನೋಡಲು ಚೆಂದವಿಲ್ಲ, ಆದರೆ ಆ ತೊಂದರೆ ಕೊಡುವುದಿಲ್ಲ. ಹಾಲಿನಂತೆ ಕಾಣುವ ಬಣ್ಣದ ಕೂಲೆಂಟ್‌ಗಳು ಫೋಟೊಗೆ ಚೆನ್ನ, ಬಣ್ಣದ ಕಣಗಳು ಕೂರುವುದು ಮಾತ್ರ ಅದೇ ಸಂದುಗಳಲ್ಲಿ. ಜೋಡಿಸಿದ ಕೂಡಲೇ ಮದರ್‌ಬೋರ್ಡ್‌ಗೆ ವಿದ್ಯುತ್ ಕೊಡಬಾರದು. ಎಸ್‌ಎಂಪಿಎಸ್‌ನ ದೊಡ್ಡ ಕನೆಕ್ಟರ್‌ಗೆ ಜಂಪರ್ ಪ್ಲಗ್ ಹಾಕಿ ಪಂಪನ್ನಷ್ಟೇ ಓಡಿಸಿ, ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಇಟ್ಟು, ಒಂದು ಇಡೀ ದಿನ ಬಿಡಬೇಕು. ಮೊದಲು ಲೂಪಿನ ದ್ರವದ ಪಾತ್ರೆ ತುಂಬಬೇಕು, ಆಮೇಲೆಯೇ ಪಂಪು ಆನ್.

ಇಷ್ಟಾಗಿಯೂ ಒಮ್ಮೆ ಸೋರಿದರೆ? ಮೌಸ್ ಹಿಡಿದು ಶಟ್‌ಡೌನ್ ಒತ್ತುತ್ತಾ ಕೂರಬೇಡಿ, ಗೋಡೆಯ ಸ್ವಿಚ್ಚನ್ನೇ ಆರಿಸಿ. ತೋಯ್ದ ಭಾಗಗಳನ್ನು ಬಿಚ್ಚಿ ಒರೆಸಿ, ಶೇಕಡ 99ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು, ಒಂದೆರಡು ದಿನ ಫ್ಯಾನ್ ಗಾಳಿಗೆ ಒಣಗಲು ಬಿಡಿ. ವಿದ್ಯುತ್ ಹರಿಸದ ಕೂಲೆಂಟ್ ಎಂದು ಬಾಟಲಿಯ ಮೇಲೆ ಬರೆದಿರುವುದನ್ನು ನಂಬಿ ಸುಮ್ಮನಿರಬೇಡಿ. ಲೋಹಗಳ ನಡುವೆ ಕೆಲ ತಿಂಗಳು ಸುತ್ತಿದ ಯಾವುದೇ ದ್ರವ ಒಂದಿಷ್ಟು ವಿದ್ಯುತ್ ಹರಿಸುತ್ತದೆ. ಹಳೆಯ ದ್ರವವನ್ನು ಅಂಗಳಕ್ಕೆ ಚೆಲ್ಲಬಾರದು. ಅದರಲ್ಲಿರಬಹುದಾದ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಮಕ್ಕಳು ಇರುವ ಮನೆಯಲ್ಲಿ ಬಾಟಲಿಗೆ ತುಂಬಿ, ಹೆಸರು ಬರೆದು, ಎತ್ತರದಲ್ಲಿಡಿ. ಆಮೇಲೆ ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೆ ಕೊಡಿ.

ಇನ್ನು ಧೂಳು. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ದ್ರವವನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ರಾಯಚೂರು, ಕಲಬುರಗಿಯಲ್ಲಿ ಬೇಸಿಗೆಗೆ ಹೊರಗೆ 40 ದಾಟಿದಾಗ, ಬೆಂಗಳೂರಿನಲ್ಲಿ ಕೂತು ವಿಮರ್ಶೆ ಬರೆದವರ ಅಂಕಿಗಳು ಅಲ್ಲಿಗೆ ಹೊಂದುವುದಿಲ್ಲ. ಅಂಥ ಕಡೆ ಧೂಳಿನ ತೆಳು ಪದರವೂ ಭಾರಿ. ಊದುಬತ್ತಿಯ ಹೊಗೆ, ಅಡುಗೆಮನೆಯ ಎಣ್ಣೆ ಆವಿ ಸೇರಿದ ಧೂಳು ಬರೀ ಊದಿದರೆ ಹೋಗದು. ಫ್ಯಾನ್ ಬಿಚ್ಚಿ ಬ್ರಷ್ ಆಡಿಸಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿಹಿಡಿಯಿರಿ, ಗಾಳಿಯ ರಭಸಕ್ಕೆ ಹುಚ್ಚೆದ್ದು ತಿರುಗಿದರೆ ಬೇರಿಂಗ್ ಹಾಳು.

ಹುಡುಗ ಮುಂದಿನ ತಿಂಗಳು ಹೊಸ ಕೂಲರ್ ತಂದ. ಅವನೇ ಹಾಕಲಿ ಎಂದು ನಾನು ಪಕ್ಕದಲ್ಲಿ ಕೂತೆ. ಪ್ರೊಸೆಸರ್ ಮೇಲಿನ ಹಳೆಯ ಪೇಸ್ಟ್ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸದಿಟ್ಟು, ಬ್ಲಾಕ್ ಕೂರಿಸಿದ. ಸ್ಕ್ರೂಗಳನ್ನು ಕಾರಿನ ಚಕ್ರಕ್ಕೆ ಬಿಗಿಸಿದಂತೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ತಿರುಗಿಸಿದ. ರೇಡಿಯೇಟರ್ ಮೇಲಕ್ಕೆ ಹೋಯಿತು, ಪಂಪಿನ ವೈರು ಪಂಪಿನ ಜಾಗಕ್ಕೆ. ಒಂದು ರೆಂಡರ್ ಹಾಕಿ ಇಪ್ಪತ್ತು ನಿಮಿಷ ಕಾದೆವು. ಎರಡು ಪೈಪುಗಳನ್ನೂ ಹಿಡಿದು ನೋಡಿದ, ತಾಯಿಯನ್ನು ಕರೆದು ಅವರ ಕೈಯಲ್ಲೂ ಹಿಡಿಸಿದ. ಆಮೇಲೆ ಫಿಲ್ಟರ್ ಸರ್ವೀಸ್‌ನವರು ಅಂಟಿಸಿಹೋಗುವಂಥ ಒಂದು ಬಿಳಿ ಸ್ಟಿಕ್ಕರನ್ನು ಕ್ಯಾಬಿನೆಟ್‌ನ ಒಳಮೈಗೆ ಅಂಟಿಸಿ, ಪೆನ್ನಿನಲ್ಲಿ ಬರೆದ: ತಾರೀಕು, ಕೋಣೆ 33, ಸುಮ್ಮನಿದ್ದಾಗ 45, ರೆಂಡರ್‌ನಲ್ಲಿ 79, ಪಂಪು 2,800. ಕೆಳಗೆ ಮುಂದಿನ ವರ್ಷದ ಏಪ್ರಿಲ್‌ಗೆ ಒಂದು ಸಾಲು ಖಾಲಿ ಬಿಟ್ಟ.